ಗಿಬ್ಸನ್ 1968, ರಿಕಿ 1990, ಇಡೀ 1985: ಬೇಸ್‌ಬಾಲ್ ಸಿಮ್ಯುಲೇಶನ್‌ಗೆ ಯಾವ ಹಳೇ ಸೀಸನ್ ಕೇಳಬೇಕು?

ಬೇಸ್‌ಬಾಲ್ ಸಿಮ್ಯುಲೇಶನ್, ಅಂದರೆ ನಿಜವಾದ ಸೀಸನ್ ಒಂದರ ತಂಡಗಳನ್ನು ದಾಳ-ಕಾರ್ಡಿನಲ್ಲೋ ಕಂಪ್ಯೂಟರಿನಲ್ಲೋ ಮತ್ತೆ ಆಡಿಸುವ ಆಟ. ಇದನ್ನು ಆಡುವವರಿಗೆ ಒಂದು ಚಟ ಇದೆ. ಕೈಯಲ್ಲಿ ಇಪ್ಪತ್ತು ಸೀಸನ್ ಇದ್ದರೂ ಇಪ್ಪತ್ತೊಂದನೆಯದು ಬೇಕು. '1930 ಯಾವಾಗ ತರ್ತೀರಿ', '1994 ಬಿಡಿ ಸ್ವಾಮಿ', 'ಬಾಂಡ್ಸ್‌ನ 2004ರ ಕಾರ್ಡ್ ಒಂದು ಕೊಡಿ' ಅಂತ ಕಂಪನಿಗಳ ಬೆನ್ನು ಹತ್ತುವುದೇ ಈ ಹವ್ಯಾಸದ ಅರ್ಧ ಮಜಾ. ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಬಹಳ ಜನ ದೊಡ್ಡ ದಾಖಲೆ ನೋಡಿ ಕೇಳುತ್ತಾರೆ. ಸಿಕ್ಕ ಮೇಲೆ ನಾಲ್ಕು ಪಂದ್ಯ ಆಡಿ ಪೆಟ್ಟಿಗೆ ಮುಚ್ಚುತ್ತಾರೆ. ಯಾಕೆಂದರೆ ದಾಖಲೆ ಓದುವುದಕ್ಕೆ ಚೆಂದ. ಆಡುವುದಕ್ಕೆ ಅದು ಚೆಂದವಾಗೇ ಇರಬೇಕು ಅಂತಿಲ್ಲ.

ನನ್ನ ಅಳತೆಗೋಲು ಒಂದೇ. ಒಂದೊಂದು ಇನಿಂಗ್ಸ್‌ನಲ್ಲೂ (ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಇರುತ್ತವೆ) 'ಈಗ ಏನ್ ಮಾಡೋದು' ಅಂತ ನಿಮ್ಮನ್ನು ತಲೆ ಕೆರೆದುಕೊಳ್ಳುವಂತೆ ಮಾಡುವ ಸೀಸನ್ ಒಳ್ಳೆಯ ಸೀಸನ್. ಕೆಳಗಿನ ಹೋಲಿಕೆಗಳೆಲ್ಲ ಈ ಅಳತೆಯಲ್ಲೇ ಇವೆ.

ಮೊದಲು, ನಿಮ್ಮ ಆಟ ಯಾವುದು?

ನಾವು ಶಾಲೆಯಲ್ಲಿ ಪುಟ ತೆರೆದು ಆಡುತ್ತಿದ್ದ ಬುಕ್ ಕ್ರಿಕೆಟ್‌ನಲ್ಲಿ ತೆಂಡೂಲ್ಕರ್‌ಗೂ ವೆಂಕಟೇಶ್ ಪ್ರಸಾದ್‌ಗೂ ಒಂದೇ ಪುಸ್ತಕ, ಒಂದೇ ಅದೃಷ್ಟ. ಪ್ರಸಾದ್ ಸೆಂಚುರಿ ಹೊಡೆದ ಮಧ್ಯಾಹ್ನಗಳು ಬೇಕಾದಷ್ಟಿವೆ. ಅಮೆರಿಕದ ಈ ಆಟಗಳಲ್ಲಿ ಒಬ್ಬೊಬ್ಬ ಆಟಗಾರನಿಗೂ ಅವನದೇ ಕಾರ್ಡ್ ಇರುತ್ತದೆ. ಅವನು ಆ ವರ್ಷ ನಿಜವಾಗಿ ಆಡಿದ ಲೆಕ್ಕ ನೋಡಿ ಅದನ್ನು ಬರೆದಿರುತ್ತಾರೆ. 1941ರಲ್ಲೇ ಈಥನ್ ಆಲನ್ ಎಂಬ ಮಾಜಿ ಆಟಗಾರ ಮುಳ್ಳು ತಿರುಗಿಸಿ ಆಡುವ 'ಆಲ್-ಸ್ಟಾರ್ ಬೇಸ್‌ಬಾಲ್' ತಂದಿದ್ದರು. ಇವತ್ತಿನ ಲೆಕ್ಕಕ್ಕೆ ಮೂರು ಆಟ ಸಾಕು.

ಆಪ್‌ಬಾ 1951ರಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ಹುಟ್ಟಿತು. ರಿಚರ್ಡ್ ಸೈಟ್ಜ್ ಅವರ ಆಟ. ಎರಡು ದಾಳ ಹಾಕಿ ಎರಡಂಕಿಯ ಸಂಖ್ಯೆಯಾಗಿ ಓದಬೇಕು, 11ರಿಂದ 66ರ ತನಕ. ಒಟ್ಟು 36 ಸಾಧ್ಯತೆ. ಎಲ್ಲವೂ ಬ್ಯಾಟರ್‌ನ ಕಾರ್ಡಿನಲ್ಲಿ. ಮೂಲ ಆಟದಲ್ಲಿ ಪಿಚರ್‌ಗೆ, ಅಂದರೆ ಚೆಂಡು ಎಸೆಯುವವನಿಗೆ, ಎ, ಬಿ, ಸಿ, ಡಿ ಅಂತ ದರ್ಜೆ. ಒಳ್ಳೆಯ ದರ್ಜೆ ಇದ್ದರೆ ಕೆಲವು ಹಿಟ್‌ಗಳು (ಹೊಡೆದು ಔಟಾಗದೆ ಬೇಸ್, ಅಂದರೆ ಓಟದ ನಿಲ್ದಾಣ, ತಲುಪುವ ಹೊಡೆತಗಳು) ಔಟ್ ಆಗುತ್ತವೆ.

ಸ್ಟ್ರಾಟ್-ಒ-ಮ್ಯಾಟಿಕ್ ನ್ಯೂಯಾರ್ಕಿನ ಹಾಲ್ ರಿಚ್‌ಮನ್ ಅವರದ್ದು, 1961. ಇದರಲ್ಲಿ ಪಿಚರ್‌ಗೂ ಬ್ಯಾಟರ್‌ನಷ್ಟೇ ದೊಡ್ಡ ಕಾರ್ಡ್. ಮೂರು ದಾಳ. ಬಿಳಿ ದಾಳದಲ್ಲಿ 1, 2, 3 ಬಿದ್ದರೆ ಬ್ಯಾಟರ್ ಕಾರ್ಡ್ ನೋಡಿ. 4, 5, 6 ಬಿದ್ದರೆ ಪಿಚರ್ ಕಾರ್ಡ್. ಉಳಿದೆರಡು ದಾಳದ ಮೊತ್ತ ಯಾವ ಸಾಲು ಅಂತ ಹೇಳುತ್ತದೆ. ಅಂದರೆ ಅರ್ಧ ಹಣೆಬರಹ ಬ್ಯಾಟರ್ ಕೈಯಲ್ಲಿ, ಅರ್ಧ ಪಿಚರ್ ಕೈಯಲ್ಲಿ.

ಮೂರನೆಯದು ಕಂಪ್ಯೂಟರ್ ಆಟ, ಔಟ್ ಆಫ್ ದ ಪಾರ್ಕ್. ಜರ್ಮನಿಯ ಮಾರ್ಕುಸ್ ಹೈನ್ಸೊನ್ 1999ರಲ್ಲಿ ಹೊರತಂದರು. ಇದರಲ್ಲಿ 1871ರಿಂದ ಈಚಿನ ಸೀಸನ್‌ಗಳೆಲ್ಲ ಒಳಗೇ ಇರುತ್ತವೆ. ಹಾಗಾಗಿ ಇಡೀ ಸೀಸನ್ ಕೇಳುವ ಕೆಲಸ ಇಲ್ಲ. ಅಭಿಮಾನಿಗಳು ಕೇಳುವುದು ಅದರ ಕಾರ್ಡ್ ಸಂಗ್ರಹದ ವಿಭಾಗಕ್ಕೆ 'ಇಂಥ ಆಟಗಾರನ ಇಂಥ ವರ್ಷ' ಅಂತ.

ನೀವು ಕೇಳಬೇಕಾದ ಸೀಸನ್ ಆಟಕ್ಕೆ ತಕ್ಕಂತೆ ಬದಲಾಗುತ್ತದೆ. ಪಿಚರ್‌ಗಳ ಮೇಲೆ ಪ್ರೀತಿ ಇದ್ದರೆ ಆಪ್‌ಬಾದ ಮೂಲ ಆಟದಲ್ಲಿ ಅಷ್ಟು ಸುಖ ಇಲ್ಲ. ದೊಡ್ಡ ಪಿಚರ್ ಬಂದರೂ ನೀವು ನೋಡುವುದು ಬ್ಯಾಟರ್ ಕಾರ್ಡನ್ನೇ. ಅಂಥವರಿಗೆ ಸ್ಟ್ರಾಟ್ ಒಳ್ಳೆಯದು. ಒಂದು ಆಟ ಬೇಗ ಮುಗಿಯಬೇಕು, ಲೆಕ್ಕ ಜಾಸ್ತಿ ಬೇಡ ಅಂದರೆ ಆಪ್‌ಬಾ. ಬೆಂಗಳೂರಲ್ಲೋ ಶಿವಮೊಗ್ಗದಲ್ಲೋ ಕೂತು ಆಡುವವರಿಗೆ ಕಂಪ್ಯೂಟರ್ ಆಟವೇ ಸಲೀಸು, ಡೌನ್‌ಲೋಡ್ ಮಾಡಿದರೆ ಆಯ್ತು. ಕಾರ್ಡ್ ಸೆಟ್ ಬೇಕಾದರೆ ಅಮೆರಿಕದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ಜಾಗ ಕೇಳಬೇಕು. ಮೈಸೂರುಪಾಕಿನ ಲಂಚ ಕೊಟ್ಟರೆ ತರುತ್ತಾರೆ.

ಒಂದು ದಾಳದ ಹಿಂದಿನ ಲೆಕ್ಕ

ಬೇರೆ ಬೇರೆ ಕಾಲದ ಆಟಗಾರರನ್ನು ಎದುರುಬದುರು ನಿಲ್ಲಿಸಬೇಕು ಅಂತಲೇ ಹಳೇ ಸೀಸನ್ ಕೇಳುವವರು ಬಹಳ. ಅಲ್ಲಿ ಒಂದು ವಿಷಯ ತಿಳಿದಿರಬೇಕು. ಕಾರ್ಡ್ ಬರೆಯುವುದು ಆಟಗಾರನ ಅಂಕಿ ಒಂದನ್ನೇ ನೋಡಿ ಅಲ್ಲ, ಅವನ ಲೀಗನ್ನೂ ನೋಡಿ.

ನ್ಯೂಯಾರ್ಕ್ ಜೈಂಟ್ಸ್‌ನ ಬಿಲ್ ಟೆರ್ರಿ 1930ರಲ್ಲಿ .401 ಸರಾಸರಿಯಲ್ಲಿ ಹೊಡೆದ, ಅಂದರೆ ಸಾವಿರ ಸಲ ಬ್ಯಾಟ್ ಮಾಡಿದರೆ 401 ಹಿಟ್‌ನ ಲೆಕ್ಕ. ದೊಡ್ಡ ಬೇಸ್‌ಬಾಲಿನಲ್ಲಿ ನ್ಯಾಷನಲ್, ಅಮೆರಿಕನ್ ಅಂತ ಎರಡು ಲೀಗ್. ನ್ಯಾಷನಲ್ ಲೀಗ್‌ನಲ್ಲಿ ಅವನ ನಂತರ ಇವತ್ತಿನವರೆಗೂ ಯಾರೂ .400 ಮುಟ್ಟಿಲ್ಲ. ಆದರೆ ಆ ವರ್ಷ ಇಡೀ ನ್ಯಾಷನಲ್ ಲೀಗ್‌ನ ಸರಾಸರಿಯೇ .303. ಸ್ಟ್ರಾಟ್‌ನಂತೆ ಅರ್ಧರ್ಧ ಹಂಚುವ ಆಟದಲ್ಲಿ ಟೆರ್ರಿಗೆ .401 ಬರಬೇಕು ಅಂದರೆ ಅವನ ಸ್ವಂತ ಕಾರ್ಡಿನಲ್ಲಿ ಸುಮಾರು .499ರಷ್ಟು ಹಿಟ್ ಇರಬೇಕು. ಉಳಿದರ್ಧ ಸಾಧಾರಣ ಪಿಚರ್‌ನ .303. ಎರಡರ ನಡುವೆ .401 ಬರುತ್ತದೆ. ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಸಿಗುವ ಪುಕ್ಕಟೆ ಬೇಸ್), ಫೀಲ್ಡಿಂಗ್ ಎಲ್ಲ ಬಿಟ್ಟು ಮಾಡಿದ ಒರಟು ಲೆಕ್ಕ ಇದು, ಆದರೂ ದಾರಿ ಇದೇ.

ಈಗ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಬಾಬ್ ಗಿಬ್ಸನ್, 1968. ಎದುರಾಳಿಗಳು ಅವನ ಮುಂದೆ ಹೊಡೆದದ್ದು .184. ಲೀಗಿನ ಸರಾಸರಿ .243. ಹಾಗಾದರೆ ಗಿಬ್ಸನ್ ಕಾರ್ಡಿನಲ್ಲಿ ಇರಬೇಕಾದದ್ದು ಬರೀ .125. ಟೆರ್ರಿಯನ್ನು ಗಿಬ್ಸನ್ ಮುಂದೆ ನಿಲ್ಲಿಸಿ: .499 ಮತ್ತು .125ರ ನಡುವೆ .312. ಬಿಳಿ ದಾಳ ಉರುಳುವಾಗ ಟೆರ್ರಿ ಕಡೆಯವನು 1, 2, 3 ಬರಲಿ ಅಂತ ಬೇಡಿಕೊಳ್ಳುತ್ತಾನೆ. 4 ಬಿತ್ತು ಅಂದರೆ ಮುಖ ಸಣ್ಣದಾಗುತ್ತದೆ.

ಅದೇ 1968ರಲ್ಲಿ ಅಮೆರಿಕನ್ ಲೀಗ್‌ನ ಬ್ಯಾಟಿಂಗ್ ಕಿರೀಟ ಗೆದ್ದ ಕಾರ್ಲ್ ಯಾಸ್ಟ್ರೆಮ್ಸ್ಕಿಯ ಸರಾಸರಿ .301. ಟೆರ್ರಿಗಿಂತ ನೂರು ಪಾಯಿಂಟ್ ಕಡಿಮೆ. ಆದರೆ ಅವನ ಲೀಗ್ .230ರ ಲೀಗ್. ಅವನ ಕಾರ್ಡಿಗೆ .372 ಬರುತ್ತದೆ. ಅವನನ್ನು 1930ರ ಸಾಧಾರಣ ಪಿಚರ್ ಮುಂದೆ ನಿಲ್ಲಿಸಿದರೆ ಸುಮಾರು .338 ಹೊಡೆಯುತ್ತಾನೆ. ಟೆರ್ರಿಯನ್ನು 1968ರ ಅಮೆರಿಕನ್ ಲೀಗ್‌ನ ಸಾಧಾರಣ ಪಿಚರ್ ಮುಂದೆ ನಿಲ್ಲಿಸಿದರೆ .365ರ ಹತ್ತಿರ. ನೂರು ಪಾಯಿಂಟಿನ ಅಂತರ ಇಪ್ಪತ್ತೇಳಕ್ಕೆ ಇಳಿಯಿತು ನೋಡಿ. ಹಾಗಾಗಿ 'ದೊಡ್ಡ ಸರಾಸರಿ ಇರುವವನನ್ನು ಕೇಳೋಣ' ಅಂತ 1930ಕ್ಕೆ ಮುಗಿಬೀಳುವವರಿಗೆ ಸ್ವಲ್ಪ ನಿರಾಸೆ ಕಾದಿದೆ.

ಅದೇ ಆಟಗಾರ, ಯಾವ ವರ್ಷ?

ಒಬ್ಬನದೇ ಕಾರ್ಡ್ ಕೇಳುವಾಗ ಹೆಚ್ಚಿನವರು ಎಡವುವುದು ಇಲ್ಲೇ. ರಿಕಿ ಹೆಂಡರ್ಸನ್ ಅಂದ ತಕ್ಷಣ 1982. ಆ ವರ್ಷ ಅವನು 130 ಬೇಸ್ ಕದ್ದ, ಅಂದರೆ ಯಾರೂ ಹೊಡೆಯದಿದ್ದರೂ ಓಡಿ ಮುಂದಿನ ಬೇಸ್ ಹಿಡಿದ. ಇವತ್ತಿಗೂ ಆಧುನಿಕ ದಾಖಲೆ ಅದು. ಆದರೆ ಕದಿಯಲು ಹೋಗಿ 42 ಸಲ ಸಿಕ್ಕಿಬಿದ್ದ. ಸರಾಸರಿ .267, ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) 10. ಈಗ 1990 ನೋಡಿ. ಕದ್ದದ್ದು 65, ಸಿಕ್ಕಿಬಿದ್ದದ್ದು ಬರೀ 10 ಸಲ. ಸರಾಸರಿ .325, ಹೋಮ್ ರನ್ 28, ಲೀಗಿನ ಅತ್ಯುತ್ತಮ ಆಟಗಾರನ ಪ್ರಶಸ್ತಿ. ಗೆಲ್ಲಬೇಕು ಅಂದರೆ ಕಣ್ಣು ಮುಚ್ಚಿ 1990. ಆದರೂ ಮಜಾ ಬೇಕು ಅಂದರೆ 1982 ಕೇಳಿದವರನ್ನು ನಾನು ಬೈಯುವುದಿಲ್ಲ. ಬೇಸ್ ಮೇಲೆ ಅವನಿದ್ದರೆ ಎದುರಿಗೆ ಕೂತವರ ಕೈ ನಡುಗುತ್ತದೆ.

ಬ್ಯಾರಿ ಬಾಂಡ್ಸ್ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. 2004ರ ಕಾರ್ಡ್ ಕೇಳಬೇಡಿ. 232 ವಾಕ್, ಅದರಲ್ಲಿ 120 ಬೇಕಂತಲೇ ಕೊಟ್ಟವು. ಹತ್ತು ಸಲ ಬ್ಯಾಟಿಗೆ ಬಂದರೆ ಆರು ಸಲ ಬೇಸ್ ತಲುಪುತ್ತಿದ್ದ. ಕಾಗದದ ಮೇಲೆ ದೇವರು. ಮೇಜಿನ ಮೇಲೆ? ಎದುರಾಳಿಗೆ ತಲೆ ಇದ್ದರೆ ಮುಖ್ಯ ಹೊತ್ತಿನಲ್ಲೆಲ್ಲ 'ವಾಕ್ ತಗೋ' ಅಂತ ಕಳಿಸಿಬಿಡುತ್ತಾನೆ. ದಾಳ ಮುಟ್ಟುವ ಕೆಲಸವೇ ಇಲ್ಲ. ಒಬ್ಬರೇ ಎರಡೂ ಕಡೆ ಆಡುವವರಿಗೆ ಇನ್ನೂ ಫಜೀತಿ: ವಾಕ್ ಕೊಟ್ಟರೆ ಬೋರು, ಕೊಡದಿದ್ದರೆ ಮೋಸ ಅನ್ನಿಸುತ್ತದೆ. 73 ಹೋಮ್ ರನ್‌ನ 2001 ಕೂಡ ಸ್ವಲ್ಪ ಹೀಗೇ, 177 ವಾಕ್ ಇವೆ. ನನ್ನ ಆಯ್ಕೆ 1993. .336 ಸರಾಸರಿ, 46 ಹೋಮ್ ರನ್, ಕದ್ದ ಬೇಸ್ 29, ಎಡ ಔಟ್‌ಫೀಲ್ಡ್‌ನಲ್ಲಿ ಗೋಲ್ಡ್ ಗ್ಲೋವ್, ಅಂದರೆ ಒಳ್ಳೆಯ ಫೀಲ್ಡರ್ ಪ್ರಶಸ್ತಿ. ಹೊಡೆಯುತ್ತಾನೆ, ಓಡುತ್ತಾನೆ, ಹಿಡಿಯುತ್ತಾನೆ. ಅವನಿಗೆ ಏನು ಹೇಳಬೇಕು ಅಂತ ನೀವು ಯೋಚಿಸಬೇಕಾಗುತ್ತದೆ.

ಬೇಬ್ ರೂತ್‌ಗೆ ಎಲ್ಲರೂ 1927 ಅನ್ನುತ್ತಾರೆ, 60 ಹೋಮ್ ರನ್ ಇದೆಯಲ್ಲ. 1921ರ ಕಾರ್ಡ್ ಅದಕ್ಕಿಂತ ದಪ್ಪ: .378, 59 ಹೋಮ್ ರನ್. 1920ರದ್ದು ಇನ್ನೊಂದು ಥರ. ಆ ವರ್ಷ ಅವನೊಬ್ಬನ 54 ಹೋಮ್ ರನ್ ಅಮೆರಿಕನ್ ಲೀಗ್‌ನ ಬೇರೆ ಯಾವ ತಂಡದ ಒಟ್ಟು ಮೊತ್ತಕ್ಕಿಂತಲೂ ಜಾಸ್ತಿ. ಆದರೆ ತಲೆಗೆ ಕೆಲಸ ಕೊಡುವ ರೂತ್ ಅಂದರೆ 1918ರ ಬಾಸ್ಟನ್ ರೂತ್. 11 ಹೋಮ್ ರನ್ ಹೊಡೆದು ಲೀಗಿನಲ್ಲಿ ಮೊದಲ ಸ್ಥಾನ ಹಂಚಿಕೊಂಡ, ಪಿಚರ್ ಆಗಿ 13 ಪಂದ್ಯ ಗೆದ್ದ. ಇವತ್ತು ಪಿಚ್ ಮಾಡಿಸಲೋ, ಬ್ಯಾಟಿಂಗಿಗೆ ಮಾತ್ರ ಇಳಿಸಲೋ? ಪ್ರತಿ ಪಂದ್ಯದ ಮುಂಚೆ ಈ ಪ್ರಶ್ನೆ. ನಿಮ್ಮ ಆಟದಲ್ಲಿ ಒಬ್ಬನಿಗೇ ಎರಡೂ ಕೆಲಸ ಮಾಡಿಸುವ ನಿಯಮ ಸರಿಯಾಗಿದೆಯಾ ಅಂತ ಮೊದಲು ನೋಡಿಕೊಳ್ಳಿ. ಶೊಹೆಯ್ ಒಟಾನಿ ಬಂದ ಮೇಲೆ ಈ ನಿಯಮಗಳಿಗೆ ಎಲ್ಲ ಕಡೆ ಗಮನ ಹೆಚ್ಚಾಗಿದೆ. ಒಟಾನಿಯದ್ದೇ ಕೇಳುವುದಾದರೆ 2024 ಬೇಡ. 54 ಹೋಮ್ ರನ್, 59 ಕದ್ದ ಬೇಸ್ ಏನೋ ಸರಿ, ಆದರೆ ಆ ವರ್ಷ ಮೊಣಕೈ ಶಸ್ತ್ರಚಿಕಿತ್ಸೆಯಿಂದಾಗಿ ಅವನು ಪಿಚ್ ಮಾಡಲೇ ಇಲ್ಲ.

ಪಿಚರ್‌ಗಳಲ್ಲಿ ಜಗಳ ಇರುವುದು ಗಿಬ್ಸನ್ 1968 ಮತ್ತು ಪೆಡ್ರೊ ಮಾರ್ಟಿನೆಸ್ 2000ರ ನಡುವೆ. ಗಿಬ್ಸನ್‌ನ ಇಆರ್‌ಎ 1.12, ಅಂದರೆ ಫೀಲ್ಡರ್ ತಪ್ಪಿನಿಂದ ಹೋದದ್ದು ಬಿಟ್ಟು ಒಂಬತ್ತು ಇನಿಂಗ್ಸ್‌ಗೆ ಕೊಟ್ಟ ರನ್, ಕಡಿಮೆ ಇದ್ದಷ್ಟೂ ಒಳ್ಳೆಯದು. ಪೆಡ್ರೊದು 1.74. ಗಿಬ್ಸನ್ ಮೇಲು ಅನ್ನಿಸುತ್ತದೆ ಅಲ್ವಾ? ಲೀಗ್ ನೋಡಿ. ಗಿಬ್ಸನ್‌ನ ಲೀಗಿನಲ್ಲಿ ಎಲ್ಲರ ಸರಾಸರಿ ಇಆರ್‌ಎ 2.99. ಪೆಡ್ರೊನ ಲೀಗಿನಲ್ಲಿ 4.91. ಲೀಗಿಗೆ ಹೋಲಿಸಿದರೆ ಪೆಡ್ರೊ ಒಂದು ಕೂದಲೆಳೆ ಮುಂದೆ. ಹಿಟ್ ಲೆಕ್ಕದಲ್ಲಂತೂ ಬಹಳ ಮುಂದೆ: ಎದುರಾಳಿಗಳು .167, ಲೀಗ್ .276. ನಮ್ಮ ಒರಟು ಲೆಕ್ಕದಲ್ಲಿ ಪೆಡ್ರೊ ಕಾರ್ಡಿನಲ್ಲಿ ಉಳಿಯುವುದು .058. ಗಿಬ್ಸನ್‌ನ ಅರ್ಧಕ್ಕಿಂತ ಕಡಿಮೆ. ಒಂದೇ ಪಂದ್ಯ ಗೆಲ್ಲಬೇಕಾದರೆ ಪೆಡ್ರೊ.

ಆದರೆ ಇಡೀ ಸೀಸನ್ ಆಡುವುದಾದರೆ ಕಥೆ ಬೇರೆ. ಪೆಡ್ರೊ ಆ ವರ್ಷ ಎಸೆದದ್ದು 217 ಇನಿಂಗ್ಸ್. ಗಿಬ್ಸನ್ 304ರ ಮೇಲೆ, ಶುರು ಮಾಡಿದ 34 ಪಂದ್ಯಗಳಲ್ಲಿ 28 ತಾನೇ ಮುಗಿಸಿದ. ಇವರಿಬ್ಬರನ್ನೂ ಮೀರಿ ನಾನು ಕೇಳುವ ಕಾರ್ಡ್ ಒಂದಿದೆ. ಸ್ಟೀವ್ ಕಾರ್ಲ್‌ಟನ್, 1972. ಫಿಲಡೆಲ್ಫಿಯಾ ಫಿಲ್ಲೀಸ್ ಆ ವರ್ಷ ಗೆದ್ದದ್ದೇ 59 ಪಂದ್ಯ. ಅದರಲ್ಲಿ 27 ಕಾರ್ಲ್‌ಟನ್ ಒಬ್ಬನವು. ಆ ದರಿದ್ರ ತಂಡ ಹಿಡಿದು ಸೀಸನ್ ಆಡಿ ನೋಡಿ. ಮೂರು ದಿನ ಸೋತು, ನಾಲ್ಕನೇ ದಿನ ಅವನ ಸರದಿ ಬಂದಾಗ ಹಬ್ಬ.

ಒಂದು ವರ್ಷವೋ, ಮೂರು ವರ್ಷದ ಸರಾಸರಿಯೋ

1957ರಲ್ಲಿ ಮಿಲ್ವಾಕೀ ಬ್ರೇವ್ಸ್‌ಗೆ ಬಾಬ್ ಹೇಜಲ್ ಅನ್ನೋನು ಸೀಸನ್ ಮಧ್ಯದಲ್ಲಿ ಬಂದ. 41 ಪಂದ್ಯ, 134 ಸಲ ಬ್ಯಾಟಿಂಗ್, .403. ತಂಡ ವರ್ಲ್ಡ್ ಸೀರೀಸ್ (ಎರಡೂ ಲೀಗ್ ಗೆದ್ದವರ ನಡುವಿನ ಫೈನಲ್) ಗೆದ್ದಿತು. ಅವನ ಕಾರ್ಡನ್ನು ಹಾಗೇ ಬಿಟ್ಟರೆ ನೀವು ದಿನಾ ಅವನನ್ನೇ ಆಡಿಸುತ್ತೀರಿ, ಹ್ಯಾಂಕ್ ಆರನ್‌ಗಿಂತ ದೊಡ್ಡವನಾಗಿಬಿಡುತ್ತಾನೆ. ಇನ್ನೂ ಅತಿ ಬೇಕೆಂದರೆ ಜಾನ್ ಪಾಚೊರೆಕ್. 1963ರಲ್ಲಿ ಹ್ಯೂಸ್ಟನ್ ಪರ ಒಂದೇ ಒಂದು ಪಂದ್ಯ, ಮೂರಕ್ಕೆ ಮೂರು ಹಿಟ್, ಎರಡು ವಾಕ್. ಮತ್ತೆ ದೊಡ್ಡ ಲೀಗಿನಲ್ಲಿ ಆಡಲೇ ಇಲ್ಲ. ಅವನ 'ಸೀಸನ್' ಕಾರ್ಡ್ ಮಾಡಿದರೆ ಔಟ್ ಆಗುವ ಸಾಲೇ ಇರುವುದಿಲ್ಲ!

ಇದಕ್ಕೆ ಮದ್ದು ಎರಡು. ಒಂದು, ಬಳಕೆಗೆ ಮಿತಿ: ನಿಜದಲ್ಲಿ 134 ಸಲ ಬ್ಯಾಟ್ ಮಾಡಿದವನಿಗೆ ನಿಮ್ಮ ಆಟದಲ್ಲೂ ಸುಮಾರು ಅಷ್ಟೇ. ಎರಡು, ಹಲವು ವರ್ಷ ಸೇರಿಸಿ ಲೆಕ್ಕ ಹಾಕುವುದು. ಔಟ್ ಆಫ್ ದ ಪಾರ್ಕ್‌ನಲ್ಲಿ ಒಂದು ವರ್ಷವೋ ಮೂರು ವರ್ಷವೋ ಅಂತ ನೀವೇ ಆರಿಸಬಹುದು. ನನಗೆ ಮೊದಲನೆಯದೇ ಇಷ್ಟ. ಸರಾಸರಿ ಹಾಕಿದರೆ ಹೇಜಲ್ ಜೊತೆಗೆ ನಾರ್ಮ್ ಕ್ಯಾಶ್ ಕೂಡ ಮಾಯ. ಡೆಟ್ರಾಯಿಟ್‌ನ ಕ್ಯಾಶ್ 1961ರಲ್ಲಿ .361 ಹೊಡೆದ, ಮರುವರ್ಷ .243. ಮತ್ತೆಂದೂ .290 ಕೂಡ ದಾಟಲಿಲ್ಲ. ಬಾಲ್ಟಿಮೋರ್‌ನ ಬ್ರೇಡಿ ಆಂಡರ್ಸನ್ 1996ರಲ್ಲಿ 50 ಹೋಮ್ ರನ್ ಹೊಡೆದ, ಬೇರೆ ಯಾವ ವರ್ಷವೂ ಅದರ ಅರ್ಧ ಮುಟ್ಟಲಿಲ್ಲ. ಒಂದೇ ವರ್ಷ ದೆವ್ವ ಹಿಡಿದಂತೆ ಆಡಿದವರು ಸೀಸನ್ ಕಾರ್ಡಿನಲ್ಲಿ ಮಾತ್ರ ಬದುಕಿರುತ್ತಾರೆ.

ನೀಗ್ರೊ ಲೀಗ್‌ಗಳ ವಿಷಯಕ್ಕೆ ಬಂದಾಗ ಮಾತ್ರ ನನ್ನ ಮಾತು ತಿರುಗಿಸುತ್ತೇನೆ. ಬಣ್ಣಭೇದದಿಂದ ಹೊರಗಿಟ್ಟ ಆಟಗಾರರ 1920ರಿಂದ 1948ರ ತನಕದ ಏಳು ಲೀಗ್‌ಗಳನ್ನು ಮೇಜರ್ ಲೀಗ್ ಬೇಸ್‌ಬಾಲ್ 2020ರ ಡಿಸೆಂಬರ್‌ನಲ್ಲಿ ತನ್ನ ಮಟ್ಟದವು ಅಂತ ಒಪ್ಪಿತು. 2024ರ ಮೇನಲ್ಲಿ ಅವುಗಳ ಅಂಕಿಗಳನ್ನೂ ದಾಖಲೆಗೆ ಸೇರಿಸಿತು. ಜಾಶ್ ಗಿಬ್ಸನ್‌ನ .372 ಈಗ ವೃತ್ತಿಜೀವನದ ಅತಿ ಹೆಚ್ಚಿನ ಸರಾಸರಿ, ಟೈ ಕಾಬ್‌ಗಿಂತ ಮೇಲೆ. ಅವನ 1943ರ .466 ಒಂದು ಸೀಸನ್‌ನ ದಾಖಲೆ. ಆದರೆ ಆ ಲೀಗ್‌ಗಳ ಸೀಸನ್ ಚಿಕ್ಕದು, ಸಿಕ್ಕಿರುವ ಸ್ಕೋರ್ ವಿವರಗಳೂ ಪೂರ್ತಿ ಇಲ್ಲ. ತಂಡಗಳು ಲೀಗಿನ ಹೊರಗೆ ಊರೂರು ಸುತ್ತಿ ಆಡಿದ ಪಂದ್ಯಗಳು ಈ ಲೆಕ್ಕದಲ್ಲಿ ಬರುವುದಿಲ್ಲ. ಚಿಕ್ಕ ಸೀಸನ್‌ನಲ್ಲಿ ಅಂಕಿ ಆಕಾಶಕ್ಕೂ ಏರುತ್ತದೆ, ಪಾತಾಳಕ್ಕೂ ಇಳಿಯುತ್ತದೆ. ಹಾಗಾಗಿ ಜಾಶ್ ಗಿಬ್ಸನ್, ಆಸ್ಕರ್ ಚಾರ್ಲ್ಸ್‌ಟನ್, ಸ್ಯಾಚೆಲ್ ಪೇಜ್ ಇವರನ್ನು ಕೇಳುವಾಗ ಹಲವು ವರ್ಷ ಸೇರಿಸಿದ ಕಾರ್ಡ್ ಕೇಳಿ. ಅದೇ ಅವರಿಗೆ ಸಲ್ಲುವ ನ್ಯಾಯ.

ಇಡೀ ಸೀಸನ್ ಕೇಳುವುದಾದರೆ

ಮೊದಲು ಸಮಯ ಲೆಕ್ಕ ಹಾಕಿ. ದಾಳದ ಆಟಕ್ಕೆ ಪಂದ್ಯಕ್ಕೆ ಅರ್ಧ ಗಂಟೆ ಅಂತ ಇಟ್ಟುಕೊಳ್ಳೋಣ. 1930ರಲ್ಲಿ 16 ತಂಡ, ತಲಾ 154 ಪಂದ್ಯ: ಒಟ್ಟು 1,232 ಪಂದ್ಯ, 616 ಗಂಟೆ. 1985ರಲ್ಲಿ 26 ತಂಡ, ತಲಾ 162: ಸುಮಾರು 2,100 ಪಂದ್ಯ, ಸಾವಿರ ಗಂಟೆಯ ಮೇಲೆ. ಕೆಲಸ, ಸಂಸಾರ ಇರುವವರಿಗೆ ಒಂದೇ ತಂಡದ ಸೀಸನ್ ಸಾಕು. ಅದೇ ಎಪ್ಪತ್ತೆಂಬತ್ತು ಗಂಟೆ ಆಗುತ್ತದೆ.

1908 ಕೇಳುವವರು ಕಡಿಮೆ. ನನಗದು ಅಚ್ಚರಿ. ನ್ಯಾಷನಲ್ ಲೀಗ್‌ನಲ್ಲಿ ಕಬ್ಸ್ ಒಂದೇ ಪಂದ್ಯದ ಅಂತರದಲ್ಲಿ ಗೆದ್ದಿತು, ಜೈಂಟ್ಸ್ ಮತ್ತು ಪಿಟ್ಸ್‌ಬರ್ಗ್ ಎರಡೂ ಬೆನ್ನಿಗೇ ಇದ್ದವು. ಅಮೆರಿಕನ್ ಲೀಗ್ ಅರ್ಧ ಪಂದ್ಯದಲ್ಲಿ ತೀರ್ಮಾನ ಆಯ್ತು. ಶಿಕಾಗೊ ವೈಟ್ ಸಾಕ್ಸ್ ಇಡೀ ವರ್ಷ ಹೊಡೆದ ಹೋಮ್ ರನ್ ಮೂರು! ಆದರೂ ಅವರ ಎಡ್ ವಾಲ್ಶ್ 464 ಇನಿಂಗ್ಸ್ ಎಸೆದು 40 ಪಂದ್ಯ ಗೆದ್ದ. ಅಕ್ಟೋಬರ್ 2ರಂದು ವಾಲ್ಶ್ 15 ಮಂದಿಯನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿಯೂ 1-0ಯಿಂದ ಸೋತ. ಎದುರಿಗೆ ಆಡಿ ಜಾಸ್ ಒಬ್ಬನನ್ನೂ ಬೇಸ್ ತಲುಪಲು ಬಿಡದೆ ಪರ್ಫೆಕ್ಟ್ ಗೇಮ್ ಎಸೆದಿದ್ದ. ಇಂಥ ಸೀಸನ್‌ನಲ್ಲಿ ಒಂದೊಂದು ಬಂಟ್ (ಚೆಂಡನ್ನು ಮೆಲ್ಲಗೆ ತಟ್ಟುವುದು), ಒಂದೊಂದು ಕದ್ದ ಬೇಸ್ ಲೆಕ್ಕಕ್ಕೆ ಬರುತ್ತದೆ. ಹೋಮ್ ರನ್ ಬೇಕೇಬೇಕು ಅನ್ನುವವರು ಮಾತ್ರ ಈ ಕಡೆ ಬರಬೇಡಿ.

1930 ಇದರ ತದ್ವಿರುದ್ಧ. ಅದರ ಚೆಂದ ಇರುವುದು ಕೊನೆಯ ಸ್ಥಾನದಲ್ಲಿ. ಫಿಲ್ಲೀಸ್ ತಂಡದ ಒಟ್ಟು ಸರಾಸರಿ .315. ಚಕ್ ಕ್ಲೈನ್ .386, 40 ಹೋಮ್ ರನ್, 170 ಆರ್‌ಬಿಐ (ಅವನ ಬ್ಯಾಟಿಂಗ್‌ನಿಂದ ತಂಡಕ್ಕೆ ಬಂದ ರನ್). ಲೆಫ್ಟಿ ಒ'ಡೌಲ್ .383. ಆದರೂ 102 ಪಂದ್ಯ ಸೋತು ಎಂಟನೇ ಸ್ಥಾನ. ಯಾಕೆ ಅಂದರೆ ತಂಡದ ಇಆರ್‌ಎ 6.71. ಅವರ ಮೈದಾನ ಬೇಕರ್ ಬೌಲ್‌ನ ಬಲಗಡೆ ಗೋಡೆ ಬರೀ 280 ಅಡಿ ದೂರ, ಎತ್ತರದ ಗೋಡೆ. ಎಡಗೈ ಬ್ಯಾಟರ್ ಕ್ಲೈನ್‌ಗೆ ಅದು ಮನೆಯಂಗಳ. ನಿಮ್ಮ ಆಟದಲ್ಲಿ ಮೈದಾನದ ಲೆಕ್ಕ ಇಲ್ಲದಿದ್ದರೆ ಕ್ಲೈನ್ ಆ ಗೋಡೆಯನ್ನು ಊರೂರಿಗೆ ಹೊತ್ತುಕೊಂಡು ಹೋಗುತ್ತಾನೆ. 1930 ಕೇಳುವ ಮುಂಚೆ ಇದೊಂದನ್ನು ಖಾತ್ರಿ ಮಾಡಿಕೊಳ್ಳಿ. ಹಾಗೇ, ಕಬ್ಸ್‌ನ ಹ್ಯಾಕ್ ವಿಲ್ಸನ್‌ನ ಆರ್‌ಬಿಐ ಎಷ್ಟೋ ದಶಕ 190 ಅಂತಿತ್ತು, 1999ರಲ್ಲಿ 191 ಅಂತ ತಿದ್ದಿದರು. ಹಳೇ ಸೆಟ್ ಕೈಯಲ್ಲಿದ್ದವರು ಗಾಬರಿಯಾಗಬೇಡಿ.

1968 ಪಿಚರ್‌ಗಳ ವರ್ಷ. ಡೆನ್ನಿ ಮೆಕ್‌ಲೇನ್ 31 ಗೆಲುವು, ಲೂಯಿಸ್ ಟಿಯಾಂಟ್ ಇಆರ್‌ಎ 1.60. ಇದು ಎಷ್ಟು ಅತಿಯಾಯಿತೆಂದರೆ ಮರುವರ್ಷ ಪಿಚರ್ ನಿಲ್ಲುವ ದಿಬ್ಬವನ್ನು 15 ಇಂಚಿನಿಂದ 10ಕ್ಕೆ ಇಳಿಸಿದರು. ಪಂದ್ಯಗಳು ಬೇಗ ಮುಗಿಯುತ್ತವೆ, ಆದರೆ ಇಡೀ ಸೀಸನ್ ಆಡಿದರೆ ಸುಸ್ತು. ಅಷ್ಟೂ 2-1, 1-0. ಈ ವರ್ಷದ್ದು ವರ್ಲ್ಡ್ ಸೀರೀಸ್ ತಂಡಗಳೆರಡು ಸಿಕ್ಕರೆ ಸಾಕು. ಮೊದಲ ಪಂದ್ಯದಲ್ಲಿ ಗಿಬ್ಸನ್ 17 ಸ್ಟ್ರೈಕ್‌ಔಟ್ ಮಾಡಿದ್ದ. ಆದರೂ ಎದುರಾಳಿ ಡೆಟ್ರಾಯಿಟ್‌ನ ಮಿಕ್ಕಿ ಲೋಲಿಚ್ ಮೂರು ಪಂದ್ಯ ಗೆದ್ದು ಏಳನೆಯದರಲ್ಲಿ ಅದೇ ಗಿಬ್ಸನ್‌ನನ್ನು ಸೋಲಿಸಿದ.

1994 ಕೇಳುವುದು 'ಹಾಗಾಗಿದ್ದರೆ' ಅನ್ನುವ ಆಸೆಯಿಂದ. ಆಗಸ್ಟ್ 12ಕ್ಕೆ ಆಟಗಾರರ ಮುಷ್ಕರ ಶುರುವಾಯಿತು, ಸೀಸನ್ ಅಲ್ಲಿಗೇ ನಿಂತಿತು, ವರ್ಲ್ಡ್ ಸೀರೀಸ್ ನಡೆಯಲೇ ಇಲ್ಲ. ಟೋನಿ ಗ್ವಿನ್ .394ರಲ್ಲಿ ನಿಂತಿದ್ದ. ಮ್ಯಾಟ್ ವಿಲಿಯಮ್ಸ್ 43 ಹೋಮ್ ರನ್ ಹೊಡೆದಿದ್ದ. ಮಾಂಟ್ರಿಯಲ್ ಎಕ್ಸ್‌ಪೋಸ್ 74 ಗೆಲುವು, 40 ಸೋಲಿನಲ್ಲಿ ಬೇಸ್‌ಬಾಲಿನಲ್ಲೇ ಮುಂದಿತ್ತು. ಆ ಊರಿನ ತಂಡವೇ 2004ರ ನಂತರ ವಾಷಿಂಗ್ಟನ್‌ಗೆ ಹೋಯಿತು. ಉಳಿದ ಪಂದ್ಯ ನೀವು ಆಡಿ ಮುಗಿಸಬಹುದು. ಮಿತಿ ನಿಯಮ ಮಾತ್ರ ಸಡಿಲಿಸಬೇಕು. 115 ಪಂದ್ಯದ ಲೆಕ್ಕದಲ್ಲಿ 162 ಆಡಿಸಿದರೆ ಸೆಪ್ಟೆಂಬರ್‌ಗೆ ಪಿಚರ್‌ಗಳೇ ಉಳಿಯುವುದಿಲ್ಲ.

ನನ್ನನ್ನು ಒಂದೇ ಸೀಸನ್ ಹೇಳಿ ಅಂದರೆ 1985. 1930ರಂಥ ದೊಡ್ಡ ಅಂಕಿ ಇಲ್ಲ ಅಂತ ಇದನ್ನು ಯಾರೂ ಮೊದಲು ಕೇಳುವುದಿಲ್ಲ. ಕಾರ್ಡಿನಲ್ಸ್ ಇಡೀ ವರ್ಷ ಹೊಡೆದದ್ದು 87 ಹೋಮ್ ರನ್. ಆದರೆ 314 ಬೇಸ್ ಕದ್ದು 101 ಪಂದ್ಯ ಗೆದ್ದಿತು. ಹೊಸಬ ವಿನ್ಸ್ ಕೋಲ್ಮನ್ ಒಬ್ಬನೇ 110 ಕದ್ದ. ಎದುರಿಗೆ ಮೆಟ್ಸ್‌ನ ಇಪ್ಪತ್ತರ ಹುಡುಗ ಡ್ವೈಟ್ ಗುಡನ್, 24 ಗೆಲುವು, 4 ಸೋಲು, ಇಆರ್‌ಎ 1.53. ಅಮೆರಿಕನ್ ಲೀಗ್‌ನಲ್ಲಿ ವೇಡ್ ಬಾಗ್ಸ್‌ನ 240 ಹಿಟ್, ಡಾನ್ ಮ್ಯಾಟಿಂಗ್ಲಿಯ 145 ಆರ್‌ಬಿಐ, ಜಾರ್ಜ್ ಬ್ರೆಟ್‌ನ .335. ಒಂದು ಲೀಗಿನಲ್ಲಿ ಪಿಚರ್ ಬದಲು ಬ್ಯಾಟ್ ಮಾಡುವವನಿದ್ದಾನೆ, ಇನ್ನೊಂದರಲ್ಲಿ ಪಿಚರೇ ಬ್ಯಾಟ್ ಹಿಡಿಯಬೇಕು. ಏಳನೇ ಇನಿಂಗ್ಸ್, ಒಂದು ರನ್ ಹಿಂದೆ, ಪಿಚರ್ ಚೆನ್ನಾಗಿ ಎಸೆಯುತ್ತಿದ್ದಾನೆ, ಈಗ ಅವನ ಬ್ಯಾಟಿಂಗ್ ಸರದಿ. ತೆಗೆಯುತ್ತೀರಾ? ಕೋಲ್ಮನ್ ಒಂದನೇ ಬೇಸ್‌ನಲ್ಲಿದ್ದಾನೆ. ಕಳಿಸುತ್ತೀರಾ? ಓಟ, ಹೊಡೆತ, ಎಸೆತ ಎಲ್ಲಕ್ಕೂ ಒಂದೊಂದು ತಂಡ ಇದೆ. 2022ರಿಂದ ಎರಡೂ ಲೀಗಿನಲ್ಲಿ ಪಿಚರ್ ಬ್ಯಾಟ್ ಹಿಡಿಯಲೇಬೇಕು ಅಂತಿಲ್ಲ. ಹಾಗಾಗಿ ಈ ಸಂಕಟದ ರುಚಿ ಹಳೇ ಸೀಸನ್‌ನಲ್ಲಿ ಮಾತ್ರ.

ಅಂಕಿ ಇಲ್ಲದ ಕಡೆ ಊಹೆ ಇರುತ್ತದೆ

ಹಳೇ ಸೀಸನ್ ಕೇಳಿದಷ್ಟೂ ಕಾರ್ಡ್ ಮಾಡುವವರು ಊಹಿಸಬೇಕಾದದ್ದು ಜಾಸ್ತಿ. ನ್ಯಾಷನಲ್ ಲೀಗ್‌ನಲ್ಲಿ 1926ರಿಂದ 1950ರ ತನಕ ಕದಿಯಲು ಹೋಗಿ ಸಿಕ್ಕಿಬಿದ್ದ ಲೆಕ್ಕವನ್ನು ಅಧಿಕೃತವಾಗಿ ಇಡಲಿಲ್ಲ. ಜಾಕಿ ರಾಬಿನ್‌ಸನ್ ಬಂದದ್ದು 1947ರಲ್ಲಿ. ಅವನ ಮೊದಲ ವರ್ಷಗಳ ಓಟದ ಅಂಕಿ ಕಾರ್ಡಿಗೆ ಹೇಗೆ ಬಂತು ಅಂತ ಕೇಳುವುದರಲ್ಲಿ ಅರ್ಥ ಇದೆ. ಸ್ಯಾಕ್ರಿಫೈಸ್ ಫ್ಲೈ (ಹೊಡೆದವನು ಕ್ಯಾಚ್ ಔಟ್ ಆದರೂ ಬೇಸ್‌ನಲ್ಲಿದ್ದವನು ರನ್ ಗಳಿಸುವ ಹೊಡೆತ) ಲೆಕ್ಕ ಈಗಿನ ರೂಪಕ್ಕೆ ಬಂದದ್ದು 1954ರಲ್ಲಿ. 1941ರಲ್ಲಿ ಟೆಡ್ ವಿಲಿಯಮ್ಸ್ .406 ಹೊಡೆದಾಗ ಅಂಥ ಹೊಡೆತಗಳು ಅವನ ಲೆಕ್ಕದಲ್ಲಿ ಔಟ್ ಆಗೇ ಸೇರಿದವು. ಈಗಿನ ನಿಯಮ ಇದ್ದಿದ್ದರೆ ಸರಾಸರಿ ಇನ್ನೂ ಮೇಲಿರುತ್ತಿತ್ತು.

ಎಡಗೈ ಪಿಚರ್ ಎದುರು ಹೇಗೆ, ಬಲಗೈ ಎದುರು ಹೇಗೆ ಅನ್ನುವ ವಿವರಕ್ಕೆ ಒಂದೊಂದು ಎಸೆತದ ಕಥೆ ಬೇಕು. 1989ರಲ್ಲಿ ಡೇವಿಡ್ ಸ್ಮಿತ್ ಎಂಬ ಜೀವಶಾಸ್ತ್ರದ ಪ್ರೊಫೆಸರ್ ಶುರು ಮಾಡಿದ ರೆಟ್ರೊಶೀಟ್ ಅನ್ನುವ ಸ್ವಯಂಸೇವಕರ ಸಂಸ್ಥೆ ಹಳೇ ಪಂದ್ಯಗಳ ಸ್ಕೋರ್ ಹಾಳೆಗಳನ್ನು ಹುಡುಕಿ ಹುಡುಕಿ ಕೂಡಿಸಿದೆ. ಅದರಿಂದಾಗಿ 1985ರಂಥ ವರ್ಷಕ್ಕೆ ಈ ವಿವರ ಗಟ್ಟಿ. 1908ಕ್ಕೆ ಊಹೆ. ಫೀಲ್ಡಿಂಗ್ ದರ್ಜೆ ಅಂತೂ ಎಲ್ಲ ಕಾಲಕ್ಕೂ ಅರ್ಧ ಅಭಿಪ್ರಾಯ. ಅದಕ್ಕೆ ಜಗಳ ಆಡಿ, ಆದರೆ ಗೆಲ್ಲುವ ಆಸೆ ಬೇಡ.

ಇನ್ನು ಹೆಸರಿನ ಹಕ್ಕು. ಆಟಗಾರರ ಮುಖ ತೋರಿಸುವ ವಿಡಿಯೊ ಆಟಗಳಲ್ಲಿ ಕೆಲವರು ಸಿಗುವುದೇ ಇಲ್ಲ. ಬಾಂಡ್ಸ್ 2003ರಲ್ಲಿ ಆಟಗಾರರ ಸಂಘದ ಪರವಾನಗಿ ಒಪ್ಪಂದದಿಂದ ಹೊರಬಂದ. 'ಎಂವಿಪಿ ಬೇಸ್‌ಬಾಲ್ 2005'ರಲ್ಲಿ ಅವನ ಜಾಗದಲ್ಲಿ ಜಾನ್ ಡೌಡ್ ಎಂಬ ಯಾರೂ ಕೇಳರಿಯದ ಬಿಳಿಯ ದೈತ್ಯ ನಿಂತಿದ್ದ. ಹೊಡೆತ ಮಾತ್ರ ಥೇಟ್ ಬಾಂಡ್ಸ್! ಬರೀ ಹೆಸರು ಮತ್ತು ಅಂಕಿ ಬಳಸುವ ಫ್ಯಾಂಟಸಿ ಆಟಗಳ ವಿಷಯದಲ್ಲಿ 2007ರಲ್ಲಿ ಅಮೆರಿಕದ ಎಂಟನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ, ಇವು ಎಲ್ಲರಿಗೂ ಗೊತ್ತಿರುವ ವಿವರ, ಬಳಸಬಹುದು ಅಂದಿತು. ಮುಖ ತೋರಿಸುವ ಆಟಕ್ಕೆ ನೀವು ಎಷ್ಟು ಪತ್ರ ಬರೆದರೂ ಆಗದ ಕೆಲಸ, ದಾಳದ ಆಟದಲ್ಲಿ ಸಲೀಸಾಗಿ ಆಗಿರಬಹುದು.

ಕೇಳುವಾಗ ಏನು ಬರೆಯಬೇಕು

'1985 ತನ್ನಿ' ಅಂತ ಒಂದೇ ಸಾಲು ಬರೆದರೆ ಅದು ನೂರರಲ್ಲಿ ಒಂದಾಗುತ್ತದೆ. ನೀವು ಏನು ಆಡಲು ಹೊರಟಿದ್ದೀರಿ ಅಂತ ಹೇಳಿ. ಆಗ ನಿಜವಾಗಿ ಆಡಿದ ಆಟಗಾರರ ಪಟ್ಟಿಯನ್ನೇ ಇಟ್ಟುಕೊಂಡು, ದಿನಾಂಕ ಪ್ರಕಾರ, ಅದೇ ಪಿಚರ್, ಅದೇ ಬ್ಯಾಟಿಂಗ್ ಕ್ರಮದಲ್ಲಿ ಮತ್ತೆ ಆಡಿಸುವವರಿಗೆ ಎಲ್ಲ ಆಟಗಾರರೂ ಬೇಕು, ಸೆಪ್ಟೆಂಬರ್‌ನಲ್ಲಿ ಐದು ಸಲ ಬ್ಯಾಟ್ ಹಿಡಿದ ಹುಡುಗನೂ ಬೇಕು. ಕೆಲವು ಸೆಟ್‌ಗಳಲ್ಲಿ ಮುಖ್ಯ ಆಟಗಾರರು ಮಾತ್ರ ಇರುತ್ತಾರೆ, ಉಳಿದವರನ್ನು ಬೇರೆ ಕೊಳ್ಳಬೇಕು. ವಾರಕ್ಕೆ ಎರಡು ಪಂದ್ಯ ಗೆಳೆಯನ ಜೊತೆ ಆಡುವವರಿಗೆ ತಂಡಕ್ಕೆ ಇಪ್ಪತ್ತೈದು ಕಾರ್ಡ್ ಸಾಕು, ದುಡ್ಡು ಉಳಿಯುತ್ತದೆ. ಮೈದಾನದ ಲೆಕ್ಕ ಬೇಕೋ, ಎಡಗೈ-ಬಲಗೈ ವಿವರ ಬೇಕೋ, ಬಂಟ್ ಮತ್ತು ಓಟದ ದರ್ಜೆ ಬೇಕೋ ಅದನ್ನೂ ಬರೆಯಿರಿ. 1957 ಕೇಳುವವರಿದ್ದರೆ ಇನ್ನೊಂದು ಸಾಲು ಸೇರಿಸಿ: ಹೇಜಲ್ ಬೇಕು, ಆದರೆ 134ರ ಮಿತಿ ಹಾಕಿಯೇ ಕೊಡಿ.